ಸಿಡಿಬಂಡಿ ಮಂಗಳವಾರ ಮತ್ತು ಸಂಪಿನ ಕೋಲು

ಬಳ್ಳಾರಿ ಕನಕ ದುರ್ಗಮ್ಮನ ಸಿಡಿಬಂಡಿ, ಅಂದರೆ ದೇವಿಯ ಗುಡಿಗೆ ಬಂಡಿ ಸುತ್ತು ಹಾಕುವ ಜಾತ್ರೆ, ಬರುವುದು ಫೆಬ್ರವರಿ–ಮಾರ್ಚ್ ಹೊತ್ತಿಗೆ, ಮಂಗಳವಾರ. ಸಿರುಗುಪ್ಪ, ಆಲೂರು, ಗುಂತಕಲ್ಲು, ರಾಯದುರ್ಗದ ಕಡೆಯಿಂದೆಲ್ಲ ಬೀಗರು ಬರುತ್ತಾರೆ. ಹಳೇ ಓಣಿಯ ಮನೆಗಳು ಇಕ್ಕಟ್ಟು. ಮೋಕಾ ರಸ್ತೆ, ಸಿರುಗುಪ್ಪ ರಸ್ತೆ, ಕಪ್ಪಗಲ್ಲು ರಸ್ತೆಯ ಹೊಸ ಲೇಔಟುಗಳಲ್ಲಿ ಮಾಳಿಗೆ ದೊಡ್ಡದು. ಹಾಗಾಗಿ ಜಾತ್ರೆ ಊರೊಳಗೆ, ಹಾಸಿಗೆ ಊರಂಚಿನಲ್ಲಿ. ಜಾಗಕ್ಕೇನೂ ತೊಂದರೆಯಿಲ್ಲ. ತೊಡಕೆಲ್ಲ ನೀರಿನದು.

ನಗರಕ್ಕೆ ಕುಡಿಯುವ ನೀರು ತುಂಗಭದ್ರಾ ಕಾಲುವೆಗಳಿಂದ ಅಲ್ಲೀಪುರ ಮತ್ತು ಮೋಕಾ ಕೆರೆಗಳಿಗೆ ಬಂದು, ಅಲ್ಲಿಂದ ನಲ್ಲಿಗೆ ಬರುತ್ತದೆ. ಕೊಳವೆಯ ಕೊನೆಗಿರುವ ಲೇಔಟಿಗೆ ಸರದಿ ತಡ, ಒತ್ತಡವೂ ಕಡಿಮೆ. ನೀರು ಬಿಡುವವರಿಗೆ ಮೊದಲೇ ಫೋನ್ ಮಾಡಿ ಕೇಳುವುದು ವಾಡಿಕೆ. 'ಅಣ್ಣಾ, ಹಬ್ಬಕ್ಕ ನೀರು ಬರ್ತಾವೋ ಇಲ್ಲೋ?' ಅಂದರೆ, 'ಬರ್ತಾವ್ ತಗೋ ಅಕ್ಕಾ' ಎಂಬ ಉತ್ತರ ತಪ್ಪುವುದಿಲ್ಲ. ಯಾವ ದಿನ ಎಂದು ಮಾತ್ರ ಬಾಯಿಬಿಡುವುದಿಲ್ಲ. ಆದ್ದರಿಂದ ನಂಬಬೇಕಾದದ್ದು ಸಂಪಿನ ನೀರು ಅಳೆಯುವ ಕೋಲನ್ನು.

ಎಂಟು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳದ ಸಂಪು ತುಂಬಿದರೆ ಸುಮಾರು 6,800 ಲೀಟರ್. ಅದರಲ್ಲಿ ಒಂದು ಇಂಚು ಇಳಿದರೆ 113 ಲೀಟರ್ ಖರ್ಚಾಯಿತು ಎಂದರ್ಥ. ಬಿದಿರು ಕೋಲಿಗೆ ಇಂಚಿನ ಗುರುತು ಹಾಕಿ ಮುಚ್ಚಳದ ಪಕ್ಕ ಇಟ್ಟುಕೊಂಡರೆ ಲೆಕ್ಕ ಕಣ್ಣೆದುರೇ ಇರುತ್ತದೆ. ತಲೆಗೆ 135 ಲೀಟರಿನಂತೆ ಐದು ಜನರ ಮನೆಗೆ ದಿನಕ್ಕೆ 675 ಲೀಟರ್, ಅಂದರೆ ಆರು ಇಂಚು. ಹನ್ನೆರಡು ಮಂದಿ ನೆಂಟರಿಗೆ, ಬಟ್ಟೆ ಒಗೆಯುವುದು ಇರದಿದ್ದರೂ, ತಲೆಗೆ 70 ಲೀಟರ್ ಬೇಕೇ ಬೇಕು. ಆಗ ಮನೆಯವರೂ ನೆಂಟರೂ ಸೇರಿ ದಿನಕ್ಕೆ ಹದಿಮೂರು ಇಂಚು ದಾಟುತ್ತದೆ. ಎರಡು ದಿನಕ್ಕೆ ಇಪ್ಪತ್ತೇಳು. ಮೋಟರ್ ನೀರೆಳೆಯುವ ಕೊಳವೆಯ ಬಾಯಿ, ಅಂದರೆ ಫುಟ್‌ವಾಲ್ವ್, ತಳದಿಂದ ಆರು ಇಂಚು ಮೇಲಿರುವುದರಿಂದ ಆ ತಳದ ನೀರನ್ನು ಲೆಕ್ಕಕ್ಕೇ ಹಿಡಿಯಬಾರದು. ಸೋಮವಾರ ಬೆಳಿಗ್ಗೆ ಕೋಲು ಮೂರಡಿಗಿಂತ ಕಡಿಮೆ ತೋರಿಸಿದರೆ ಅವತ್ತೇ ಟ್ರ್ಯಾಕ್ಟರ್ ಟ್ಯಾಂಕರಿಗೆ ಹೇಳಿಬಿಡಬೇಕು. ಮಂಗಳವಾರ ಕೇಳಿದರೆ ಯಾರೂ ಬರುವುದಿಲ್ಲ, ಬಂದರೂ ಬಾಯಿಗೆ ಬಂದದ್ದೇ ರೇಟು.

ನಲ್ಲಿ ಬಂದರೆ ಸಂಪು ತುಂಬಿತೆಂದೂ ಅಲ್ಲ. ಹದಿನೈದು ಲೀಟರಿನ ಬಕೆಟ್ಟು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ. ಒಂದು ನಿಮಿಷವಾದರೆ ಗಂಟೆಗೆ 900 ಲೀಟರ್, ಮೂರು ಗಂಟೆ ಬಿಟ್ಟರೆ 2,700. ಎಂಟು ದಿನಕ್ಕೊಮ್ಮೆ ಸರದಿ ಇರುವ ಕಡೆ ಮನೆಯವರಿಗೇ ಬೇಕಾದ್ದು 5,400. ಅರ್ಧಕ್ಕರ್ಧ ಕೊರತೆ. ಈ ಕೊರತೆ ತುಂಬಲು ಕೆಲವರು ನಲ್ಲಿ ಕೊಳವೆಗೇ ಮೋಟರ್ ಹಚ್ಚುತ್ತಾರೆ. ಪಕ್ಕದ ಮನೆಗೆ ನೀರಿಲ್ಲದಂತಾಗುವುದು ಒಂದು ಮಾತು. ಅದಕ್ಕಿಂತ ಕೆಟ್ಟದ್ದು, ಎಳೆತಕ್ಕೆ ಕೊಳವೆಯೊಳಗಿನ ಒತ್ತಡ ಕುಸಿದು, ಚರಂಡಿಯಲ್ಲಿ ಹಾದುಹೋದ ಜೋಡಣೆಯ ಬಿರುಕಿನಿಂದ ಗಲೀಜು ಒಳಗೆ ಸೇರುತ್ತದೆ. ಆಮೇಲೆ ಓಣಿಗೆ ಓಣಿಯೇ ವಾಂತಿಭೇದಿ. ಮೋಟರ್ ಇಲ್ಲದ ಕಡೆಯೂ ಸರದಿಯ ಮೊದಲ ಹತ್ತು ನಿಮಿಷದ ನೀರನ್ನು ಗಿಡಕ್ಕೆ ಬಿಟ್ಟು ಆಮೇಲೆ ಸಂಪಿಗೆ ತಿರುಗಿಸುವುದು ಒಳ್ಳೆಯದು.

ಕೊರತೆ ತುಂಬಬೇಕಾದದ್ದು ಬೋರು. ಎರೆಭೂಮಿಯ ಬೋರಿನ ನೀರು ಬಹುತೇಕ ಸವಳು. ಬೇಳೆ ಬೇಯುವುದಿಲ್ಲ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಸುಟ್ಟುಹೋಗುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಆದ್ದರಿಂದ ಮಾಳಿಗೆ ಮೇಲೆ ಎರಡು ಸಿಂಟೆಕ್ಸ್ ಇರಲಿ: ಸವಳು ನೀರು ಪಾಯಖಾನೆಗೆ, ಅಂಗಳಕ್ಕೆ, ಸಿಹಿನೀರು ಅಡುಗೆಮನೆಗೆ, ಗೀಸರಿಗೆ. ಎರಡನ್ನೂ ಒಂದು ವಾಲ್ವ್ ಇಟ್ಟು ಕೂಡಿಸಿದರಾಯಿತು ಎಂದು ಪ್ಲಂಬರ್ ಹೇಳುತ್ತಾನೆ, ಒಪ್ಪಬೇಡಿ. ವಾಲ್ವ್ ವರ್ಷದೊಳಗೆ ಸೋರಿ ಚಹಾ ಒಡೆಯಲು ಶುರುವಾಗುತ್ತದೆ.

ಬೆಳಗಿನ ತಿಂಡಿಗೆ ಮಂಡಕ್ಕಿ ಒಗ್ಗರಣೆ–ಮಿರ್ಚಿ ಬಿಟ್ಟು ಬೇರೆ ಯೋಚನೆ ಬೇಡ. ತೊಳೆಯುವ ಪಾತ್ರೆ ಕಡಿಮೆ. ಮಂಡಕ್ಕಿಯನ್ನು ಸಿಹಿನೀರಲ್ಲಿ ಅದ್ದಿ ತಕ್ಷಣ ಹಿಂಡಿ ತೆಗೆಯಬೇಕು. ಒಲೆ ಹಚ್ಚಲು ಹೋಗಿ ಮರೆತರೆ ಗಂಜಿಯಾಗುತ್ತದೆ. ಕೊನೆಗೆ ಹಾಕುವ ಪುಟಾಣಿ ಹಿಟ್ಟು ಉಳಿದ ಪಸೆ ಹೀರಿಕೊಳ್ಳುತ್ತದೆ.

ಮಂಗಳವಾರ ಬಂಡಿ ನೋಡಲು ಮಧ್ಯಾಹ್ನ ಮೂರಕ್ಕೇ ಹೊರಡಬೇಕು. ಸುಧಾ ಕ್ರಾಸಿನ ರೈಲ್ವೆ ಗೇಟು ಹಾಯ್ದು ಬರುವವರು ಇನ್ನೂ ಮುಂಚೆ: ಅದಿರು, ಕಲ್ಲಿದ್ದಲಿನ ಗೂಡ್ಸು ಒಂದರ ಹಿಂದೊಂದು ಬಂದರೆ ಗೇಟು ಏಳುವುದೇ ಇಲ್ಲ. ಗಾಡಿಯನ್ನು ರಾಯಲ್ ಸರ್ಕಲ್ ಈಚೆಗೇ ಬಿಟ್ಟು ನಡೆಯುವುದು ಮೇಲು. ಬಂಡಿ ಗುಡಿಗೆ ಮೂರು ಸುತ್ತು ಹಾಕುತ್ತದೆ. ಮೊದಲ ಸುತ್ತಿಗೇ ಎಲ್ಲರೂ ನುಗ್ಗುತ್ತಾರೆ. ಮಕ್ಕಳು, ಮುದುಕರಿದ್ದರೆ ಮೂರನೆಯದಕ್ಕೆ ಕಾಯಿರಿ.

ರಾತ್ರಿ ಒಂಬತ್ತರ ಮೇಲೆ ಲೇಔಟಿನ ಕಡೆಗೆ ಷೇರ್ ಆಟೊ ಸಿಗುವುದು ಕಷ್ಟ. ಹಗಲು ವಕೀಲಿಕೆ, ರಾತ್ರಿ ರಂಗ ಎಂದು ಬದುಕಿದ ಬಳ್ಳಾರಿ ರಾಘವರ (1880–1946) ಹೆಸರಿನ ಕಲಾಮಂದಿರದಲ್ಲಿ ನಾಟಕ ನೋಡುವವರಿಗೂ ಇದೇ ಪಾಡು. ಕೊನೆಯ ಅಂಕದ ಹೊತ್ತಿಗೆ ಎದ್ದು ಹೋಗುವವರೆಲ್ಲ ನಾಟಕ ಹಿಡಿಸದವರಲ್ಲ, ಊರಂಚಿನವರು. ಹೋಗುವಾಗಲೇ ಆಟೊದವನ ನಂಬರು ತೆಗೆದುಕೊಂಡು, ಬರುವ ಹೊತ್ತು ಹೇಳಿ, ಬಾಡಿಗೆ ಮಾತಾಡಿರಬೇಕು.

ಇನ್ನೊಂದು ಸಂಗತಿ ಯಾರೂ ಮುಂಚೆ ಯೋಚಿಸುವುದಿಲ್ಲ. ಒಳಚರಂಡಿ ಮುಟ್ಟದ ಲೇಔಟುಗಳಲ್ಲಿ ಪಾಯಖಾನೆಗೆ ಗುಂಡಿಯೇ ಗತಿ. ಎರೆಮಣ್ಣು ಒದ್ದೆಯಾದರೆ ಉಬ್ಬಿ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ, ನೀರು ಇಂಗುವುದಿಲ್ಲ. ಐದು ಜನರಿಗೆ ನಡೆಯುತ್ತಿದ್ದ ಗುಂಡಿ ಹದಿನೇಳು ಜನರ ಎರಡು ದಿನಕ್ಕೆ ಮೇಲಕ್ಕುಕ್ಕುತ್ತದೆ. ಹೊಸದಾಗಿ ಕಟ್ಟಿಸುವವರು 30–40 ಸೈಟಿನಲ್ಲಿ ಸಂಪನ್ನು ಒಂದು ಮೂಲೆಗೆ, ಗುಂಡಿಯನ್ನು ಅದರ ಎದುರು ಮೂಲೆಗೆ ಇಳಿಜಾರು ನೋಡಿ ಇಡಲಿ. ಗುಂಡಿಯ ಸುತ್ತ ಒಂದಡಿ ಮರಳು–ಜಲ್ಲಿ ತುಂಬಿಸಲಿ. ಕಟ್ಟಿಸಿ ಆದವರು ಗುಂಡಿ ಎಳೆಯುವ ಗಾಡಿಯನ್ನು ಹಬ್ಬದ ಹಿಂದಿನ ವಾರವೇ ಕರೆಸಬೇಕು. ಬುಧವಾರ ಅದಕ್ಕೂ ಸರದಿ ಇರುತ್ತದೆ.