ಇದನ್ನು ಓದಿದರೆ ಯಾವ ಶೇರು ಏರುತ್ತೆ ಅಂತ ಗೊತ್ತಾಗುತ್ತಾ?

ನಾನು ಎಂ.ಕಾಂ. ಮಕ್ಕಳಿಗೆ ಪೋರ್ಟ್‌ಫೋಲಿಯೊ ಮ್ಯಾನೇಜ್‌ಮೆಂಟ್, ಅಂದರೆ ದುಡ್ಡನ್ನು ಬೇರೆ ಬೇರೆ ಹೂಡಿಕೆಗಳಿಗೆ ಹಂಚಿ ನೋಡಿಕೊಳ್ಳುವುದರ ಪಾಠ ಮಾಡುತ್ತೇನೆ. ಕ್ಲಾಸಿನ ಮೊದಲ ದಿನ ಇರಲಿ, ನೆಂಟರ ಮನೆಯ ಮದುವೆ ಇರಲಿ, ಪ್ರಶ್ನೆ ಒಂದೇ. "ಮೇಡಂ, ಇದನ್ನು ಓದಿದರೆ ಯಾವ ಶೇರು ಏರುತ್ತೆ ಅಂತ ಗೊತ್ತಾಗುತ್ತಾ?"

ಗೊತ್ತಾಗಲ್ಲ. ಮೊದಲೇ ಹೇಳಿಬಿಡುತ್ತೇನೆ. ಆದರೂ ಈ ಪೇಪರ್ ತಗೊಳ್ಳಿ ಅಂತ ಒತ್ತಾಯ ಮಾಡುತ್ತೇನೆ. ಒಂದು ಶೇರು ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳುವುದನ್ನು ಬಿಟ್ಟು, ನನ್ನ ಹತ್ತಿರ ಈಗಾಗಲೇ ಇರುವುದರ ಜೊತೆ ಅದು ಹೇಗೆ ನಡೆದುಕೊಳ್ಳುತ್ತೆ ಅಂತ ಕೇಳೋದನ್ನು ಇದು ಕಲಿಸುತ್ತೆ.

ಹೀಗೆ ಕೇಳಿ ಅದಕ್ಕೊಂದು ಲೆಕ್ಕ ಕೊಟ್ಟವರು ಹ್ಯಾರಿ ಮಾರ್ಕೊವಿಟ್ಜ್. 1952ರಲ್ಲಿ, ಶಿಕಾಗೋದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಕಾಲದಲ್ಲಿ ಬರೆದ ಲೇಖನ ಅದು. ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಮಿಲ್ಟನ್ ಫ್ರೀಡ್‌ಮನ್ "ಇದು ಅರ್ಥಶಾಸ್ತ್ರವೇ ಅಲ್ಲ" ಅಂತ ವಾದಿಸಿದ್ದರಂತೆ. 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ವಿಲಿಯಂ ಶಾರ್ಪ್ ಮತ್ತು ಮರ್ಟನ್ ಮಿಲ್ಲರ್ ಜೊತೆ.

ಲೆಕ್ಕ ದೊಡ್ಡದೇನಲ್ಲ. ಎರಡು ಶೇರು ಇವೆ ಅಂದುಕೊಳ್ಳಿ. ಎರಡರ ಏರಿಳಿತವೂ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಶೇ. 20. ದುಡ್ಡನ್ನು ಅರ್ಧ ಅರ್ಧ ಹಾಕಿದ್ದೀರಿ. ಎರಡೂ ಒಂದೇ ತಾಳಕ್ಕೆ ಕುಣಿಯುವವಾದರೆ ಒಟ್ಟು ಏರಿಳಿತ ಶೇ. 20 ಆಗಿಯೇ ಉಳಿಯುತ್ತೆ, ಹಂಚಿ ಏನೂ ಸಿಕ್ಕಲಿಲ್ಲ. ತಾಳ ಎಷ್ಟು ಕೂಡುತ್ತೆ ಅನ್ನೋ ಅಳತೆಗೆ ಕೋರಿಲೇಶನ್ ಅಂತ ಹೆಸರು, ಪೂರ್ತಿ ಕೂಡಿದರೆ 1. ಅದು 0.5 ಆದರೆ ಶೇ. 17.3ಕ್ಕೆ ಇಳಿಯುತ್ತೆ. ಸೊನ್ನೆ ಆದರೆ ಶೇ. 14.1. ಸರಾಸರಿ ಲಾಭ ಮಾತ್ರ ಮೂರೂ ಕಡೆ ಅಷ್ಟೇ ಇರುತ್ತೆ. ಬೋರ್ಡಿನ ಮೇಲೆ ಇದನ್ನು ಬಿಡಿಸಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿ ನೋಡುತ್ತಾರೆ. ನನಗೆ ಇಡೀ ಸೆಮಿಸ್ಟರಿನಲ್ಲಿ ಬಹಳ ಇಷ್ಟವಾದ ಗಳಿಗೆ ಅದು.

ಎರಡಕ್ಕೆ ಸರಿ, ನಿಫ್ಟಿ ಸೂಚ್ಯಂಕದ 50 ಕಂಪನಿಗೆ? ಜೋಡಿ ಜೋಡಿಯಾಗಿ ನೋಡಿದರೆ 1,225 ಕೋವೇರಿಯನ್ಸ್, ಅಂದರೆ ಎರಡು ಶೇರು ಜೊತೆಯಾಗಿ ಏರಿಳಿಯುವುದರ ಅಳತೆ, ಬೇಕು. 1963ರಲ್ಲಿ ವಿಲಿಯಂ ಶಾರ್ಪ್ ದಾರಿ ತೋರಿಸಿದರು: ಪ್ರತಿ ಶೇರನ್ನೂ ಮಾರ್ಕೆಟ್ ಜೊತೆ ಮಾತ್ರ ಹೋಲಿಸಿ ಸಾಕು ಅಂತ. ಆಗ ಪ್ರತಿ ಶೇರಿಗೆ ಮೂರು, ಮಾರ್ಕೆಟ್‌ಗೆ ಎರಡು, ಎಲ್ಲ ಸೇರಿ 152 ಅಂಕಿ ಇದ್ದರೆ ಕೆಲಸ ಮುಗಿಯಿತು. ಮಾರ್ಕೆಟ್ ಏರಿಳಿದಾಗ ಶೇರು ಎಷ್ಟು ಏರಿಳಿಯುತ್ತೆ ಅಂತ ಹೇಳುವ ಬೀಟಾ ಅನ್ನೋದು ಈ ಹೋಲಿಕೆಯಿಂದ ಸಿಗುವ ಸಂಖ್ಯೆ.

ಮಲೆನಾಡಿನ ಮಕ್ಕಳಿಗೆ ಇದರ ಮುಂದಿನ ಭಾಗ ಬೇಗ ಹೊಳೆಯುತ್ತೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ವಾ? ಅಡಿಕೆ ರೇಟು ಬಿದ್ದ ವರ್ಷ ಮೆಣಸಿನ ರೇಟೂ ಬೀಳಲೇಬೇಕು ಅಂತೇನಿಲ್ಲ. ಆದರೆ ಮಳೆ ಬಿಡದೆ ಹಿಡಿದರೆ ಅಡಿಕೆಗೆ ಕೊಳೆ, ಮೆಣಸಿಗೆ ಸೊರಗು ರೋಗ. ರೇಟಿನ ಅಪಾಯವನ್ನು ಹಂಚಿ ತಗ್ಗಿಸಬಹುದು. ಮಳೆಯದ್ದು ಹಾಗೆ ತಗ್ಗಲ್ಲ. ಪುಸ್ತಕದಲ್ಲಿ ಮೊದಲನೆಯದು ಅನ್‌ಸಿಸ್ಟಮ್ಯಾಟಿಕ್ ರಿಸ್ಕ್, ಎರಡನೆಯದು ಸಿಸ್ಟಮ್ಯಾಟಿಕ್ ರಿಸ್ಕ್. ಶಾರ್ಪ್ 1964ರಲ್ಲಿ ಹೇಳಿದ್ದು ಇಷ್ಟು: ಹಂಚಿ ಕಳೆಯಬಹುದಾದ ರಿಸ್ಕನ್ನು ಸುಮ್ನೆ ಹೊತ್ತುಕೊಂಡವರಿಗೆ ಮಾರ್ಕೆಟ್ ಹೆಚ್ಚುವರಿ ಏನೂ ಕೊಡಲ್ಲ.

ಇದು ಪರೀಕ್ಷೆಗಿಂತ ಬದುಕಿಗೆ ಜಾಸ್ತಿ ಬೇಕು. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಅಂದುಕೊಳ್ಳಿ. ಸಂಬಳ ಐಟಿ ಕಂಪನಿಯಿಂದ. ಅದೇ ಕಂಪನಿ ಕೊಟ್ಟ ಶೇರು ಹಾಗೇ ಇಟ್ಟುಕೊಂಡಿದ್ದಾರೆ. ಮ್ಯೂಚುಯಲ್ ಫಂಡ್ ಟೆಕ್ನಾಲಜಿ ಫಂಡು. ಸಾಲ ಮಾಡಿ ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟ್ ತಗೊಂಡಿದ್ದಾರೆ, ಬಾಡಿಗೆಗೆ ಇರುವವರೂ ಐಟಿಯವರೇ. ನಾಲ್ಕು ಕಡೆ ಹಂಚಿದ್ದೇನೆ ಅನ್ನೋ ಧೈರ್ಯ ಅವರಿಗೆ. ಅಮೆರಿಕದಿಂದ ಬರುವ ಪ್ರಾಜೆಕ್ಟು ನಿಂತರೆ ನಾಲ್ಕಕ್ಕೂ ಒಟ್ಟಿಗೇ ಪೆಟ್ಟು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕ ಸುಳ್ಳು ಅಂತ ಪತ್ರ ಬರೆದಾಗ, ಸುಮಾರು 179 ರೂಪಾಯಿ ಇದ್ದ ಶೇರು ಒಂದೇ ದಿನದಲ್ಲಿ 40ರ ಹತ್ತಿರ ಬಂತು. ಕೆಲಸವೂ ಅಲ್ಲೇ, ಉಳಿತಾಯವೂ ಅಲ್ಲೇ ಇದ್ದವರ ಸ್ಥಿತಿ ಯೋಚಿಸಿ. ಅದಕ್ಕೇ ಯಾರಾದರೂ ಶೇರಿನ ಹೆಸರು ಕೇಳಿದರೆ ನಾನು ಮೊದಲು ಅವರ ಕೆಲಸ ಏನು ಅಂತ ಕೇಳುತ್ತೇನೆ.

ಸಿದ್ಧಾಂತ ಎಲ್ಲದಕ್ಕೂ ಉತ್ತರ ಕೊಡುತ್ತಾ? ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಕೋರಿಲೇಶನ್ ಎಷ್ಟು ಅಂತ ಅಚ್ಚಾಗಿ ಬಂದಿರುತ್ತೆ. ನಿಜದಲ್ಲಿ ಅದು ಬದಲಾಗುತ್ತಾ ಹೋಗುತ್ತೆ, ಅದರಲ್ಲೂ ಬೇಡದ ಹೊತ್ತಿಗೆ ಏರುತ್ತೆ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ ಒಮ್ಮೆ 8,000ಕ್ಕಿಂತ ಕೆಳಗೆ ಹೋಯಿತು. ಬ್ಯಾಂಕು, ಸಿಮೆಂಟು, ಐಟಿ, ರಿಯಲ್ ಎಸ್ಟೇಟ್ ಎಲ್ಲವೂ ಬಿದ್ದವು. ಈ ಮಿತಿಯನ್ನು ಪಾಠದ ಕೊನೆಗೆ ಎರಡು ಸಾಲಿನಲ್ಲಿ ಮುಗಿಸುವುದು ನನಗೆ ಸರಿ ಕಾಣಲ್ಲ. ಸೂತ್ರದಷ್ಟೇ ಹೊತ್ತು ಇದಕ್ಕೂ ಕೊಡಬೇಕು.

ಈಗೀಗ ಮಕ್ಕಳು ಪ್ರಶ್ನೆಗೆ ಇನ್ನೊಂದು ಬಾಲ ಸೇರಿಸುತ್ತಾರೆ: "ಎಫ್ ಅಂಡ್ ಓ ಮಾಡಬಹುದಾ ಮೇಡಂ?" ಅದು ಫ್ಯೂಚರ್ಸ್ ಮತ್ತು ಆಪ್ಶನ್ಸ್, ಶೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳ ವ್ಯವಹಾರ. 2024ರಲ್ಲಿ ಶೇರುಪೇಟೆಯ ನಿಯಂತ್ರಕ ಸೆಬಿ ಕೊಟ್ಟ ವರದಿ ಅವರ ಕೈಗೆ ಕೊಡುತ್ತೇನೆ. ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆ. ಅದಾದ ಮೇಲೆ ಹೆಚ್ಚು ಮಾತಾಡುವ ಅಗತ್ಯ ಇರಲ್ಲ.

ಈ ಪೇಪರ್ ತಗೊಳ್ಳೋಣ ಅಂದುಕೊಂಡವರು ರಜೆಯಲ್ಲಿ ಒಂದು ಕೆಲಸ ಮಾಡಿ. ಮನೆಯವರ ಹತ್ತಿರ ಇರುವ ಎರಡು ಶೇರು ಆರಿಸಿಕೊಳ್ಳಿ. ಶೇರುಪೇಟೆ ಎನ್‌ಎಸ್‌ಇಯ ವೆಬ್‌ಸೈಟಿನಲ್ಲಿ ಹಳೆಯ ಬೆಲೆಗಳು ಪುಕ್ಕಟೆ ಸಿಗುತ್ತವೆ, ಇಳಿಸಿಕೊಳ್ಳಿ. ಬೆಲೆಗಲ್ಲ, ತಿಂಗಳ ಲಾಭ-ನಷ್ಟದ ಶೇಕಡಾವಾರಿಗೆ ಎಕ್ಸೆಲ್‌ನಲ್ಲಿ ಕೋರಿಲೇಶನ್ ತೆಗೆಯಿರಿ. ಕೋವಿಡ್ ಭಯಕ್ಕೆ ಮಾರ್ಕೆಟ್ ಕುಸಿದ 2020ರ ಮಾರ್ಚ್ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ. ಗಣಿತದ ಭಯ ಇದ್ದರೆ ವೇರಿಯನ್ಸ್, ಕೋರಿಲೇಶನ್, ರಿಗ್ರೆಶನ್ ಮೂರನ್ನು ಹಳೆ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದಿಂದ ತಿರುವಿ ಹಾಕಿ ಬನ್ನಿ. ಉಳಿದದ್ದು ಕ್ಲಾಸಿನಲ್ಲಿ ಬರುತ್ತೆ.