ಬರೀ ಬಣ್ಣ ಅಲ್ಲ

ಮಡಿಕೇರಿಯಲ್ಲಿ ನೆಂಟರ ಹೋಂಸ್ಟೇ ಗೋಡೆಗೆ ಹೊಸ ಚಿತ್ರವೊಂದು ಬಂದಿದೆ. ಕೆಂಪು, ಕಂದು ಬಿಟ್ಟರೆ ಅದರಲ್ಲಿ ಏನೂ ಇಲ್ಲ. "ಇದನ್ನ ನಮ್ಮ ಮೊಮ್ಮಗನೂ ಬಳೀತಾನೆ" ಅಂದರು ಮಾವ. ಬಳಿಯಲಿ, ಬೇಡ ಅಂದೋರ್ಯಾರು? ಆದರೆ ಬರೀ ಬಣ್ಣ, ಆಕಾರದ ಇಂಥ ಅಮೂರ್ತ ಚಿತ್ರಗಳಲ್ಲಿ ಯಾವಾಗ, ಎಲ್ಲಿ ಬಳಿದರು ಅನ್ನೋದರಲ್ಲೇ ಅರ್ಧ ಕಥೆ ಇರುತ್ತೆ.

1915ರಲ್ಲಿ, ಮಹಾಯುದ್ಧದ ನಡುವೆ, ಚಿತ್ರಕಾರ ಮಾಲೆವಿಚ್ ರಷ್ಯಾದ ಪೆಟ್ರೋಗ್ರಾಡ್‌ನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಪ್ರದರ್ಶನದಲ್ಲಿ ಒಂದು ಕಪ್ಪು ಚೌಕ ತೂಗುಹಾಕಿದ. ಗೋಡೆಯ ನಡುವೆ ಅಲ್ಲ, ಮೇಲೆ ಮೂಲೆಯಲ್ಲಿ. ರಷ್ಯನ್ ಮನೆಗಳಲ್ಲಿ ಅದು ದೇವರ ಪಟದ ಜಾಗ. ನಮ್ಮ ಕೊಡಗಿನ ಐನ್‌ಮನೆಯ, ಅಂದರೆ ಹಿರೀಕರ ಮನೆಯ, ನೆಲ್ಲಕ್ಕಿ ನಡುಮನೆಯಲ್ಲಿ ತೂಗುದೀಪ ಇಳಿಸಿ ಅಲ್ಲೊಂದು ಕಪ್ಪು ಹಲಗೆ ಕಟ್ಟಿದರೆ ಹಿರಿಯರು ಸುಮ್ಮನಿರ್ತಾರಾ? ಆ ಮಟ್ಟದ ಧೈರ್ಯ ಅದು. ಎರಡು ವರ್ಷದಲ್ಲಿ ಕ್ರಾಂತಿಯೇ ಬಂತು. 1921ರಲ್ಲಿ ರಷ್ಯಾದ ಇನ್ನೊಬ್ಬ ಕಲಾವಿದ ರೊಡ್ಚೆಂಕೊ ಬರೀ ಕೆಂಪು, ಬರೀ ಹಳದಿ, ಬರೀ ನೀಲಿಯ ಮೂರು ಕ್ಯಾನ್ವಾಸ್ ಇಟ್ಟು, ಚಿತ್ರಕಲೆಯ ಕಥೆ ಮುಗಿಯಿತು ಅಂದುಬಿಟ್ಟ. ಸ್ಟಾಲಿನ್ ಕಾಲಕ್ಕೆ ಇದೆಲ್ಲ ಅಪರಾಧವಾಯ್ತು. 1930ರಲ್ಲಿ ಮಾಲೆವಿಚ್‌ನನ್ನು ಬಂಧಿಸಿ ವಿಚಾರಿಸಿದರು. ಕಪ್ಪು ಚೌಕ ದಶಕಗಳ ಕಾಲ ಉಗ್ರಾಣ ಸೇರಿತು.

ನನಗೆ ನಗು ಬರೋದು ಅಮೆರಿಕದ ಕಡೆ ನೋಡಿದಾಗ. 1950ರ ದಶಕದಲ್ಲಿ ಅಲ್ಲಿನ ಕಲಾವಿದರಾದ ಪೊಲಾಕ್, ರಾತ್ಕೊ ಅವರ ಅಮೂರ್ತ ಚಿತ್ರಗಳು 'ನಮ್ಮಲ್ಲಿ ಎಷ್ಟು ಸ್ವಾತಂತ್ರ್ಯ ನೋಡಿ' ಅನ್ನೋ ಹಾಗೆ ಯುರೋಪ್ ಸುತ್ತಿದವು. ಶೀತಲ ಸಮರದ ಸಾಂಸ್ಕೃತಿಕ ಸಂಸ್ಥೆಗಳಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ದುಡ್ಡು ಸುರಿಯುತ್ತಿದ್ದ ಕಾಲ ಅದು. 1960ರ ದಶಕದಲ್ಲಿ ಆ ಗುಟ್ಟು ರಟ್ಟಾಯ್ತು. ಅದೇ ಅಮೆರಿಕದ ಸಂಸತ್ತಿನಲ್ಲಿ 1949ರಲ್ಲಿ ಜಾರ್ಜ್ ಡಾಂಡೆರೊ ಎಂಬ ಸದಸ್ಯ ಎದ್ದು ನಿಂತು, ಆಧುನಿಕ ಕಲೆಯೇ ಕಮ್ಯುನಿಸ್ಟರ ಪಿತೂರಿ ಅಂತ ಗುಡುಗಿದ್ದರು!