ಬೂಸ್ಟರ್ ಸೀಟ್ ಹಾಕಿಕೊಂಡು ಮಡಿಕೇರಿಗೆ: ಹೊರಡುವ ಮೊದಲು ನೋಡಬೇಕಾದ್ದು

ದಸರಾ ರಜೆಯಲ್ಲಿ ಬೆಂಗಳೂರಿನಿಂದ ಮಡಿಕೇರಿಗೆ ನಮ್ಮದೇ ಕಾರಿನಲ್ಲಿ ಹೋಗಿ ಬಂದೆವು. ಹೋಗುವಾಗ ಸುಮಾರು 260 ಕಿಲೋಮೀಟರ್. ಮಗಳಿಗೆ 6 ವರ್ಷ, ಎತ್ತರ 112 ಸೆಂಟಿಮೀಟರ್, ತೂಕ 19 ಕಿಲೋ. ಹಳೇ ಚೈಲ್ಡ್ ಸೀಟ್ ಚಿಕ್ಕದಾಗಿತ್ತು. ಅದಕ್ಕೇ ಬೂಸ್ಟರ್ ಸೀಟ್ ಹುಡುಕಿದೆವು.

ಮೊದಲು ಒಂದು ಮಾತು ಗೊತ್ತಿರಲಿ. ಬೂಸ್ಟರ್ ಮಗುವನ್ನು ಹಿಡಿದುಕೊಳ್ಳುವುದಿಲ್ಲ, ಹಿಡಿದುಕೊಳ್ಳುವುದು ಕಾರಿನ ಬೆಲ್ಟೇ. ಆ ಬೆಲ್ಟ್ ಇರುವುದು ದೊಡ್ಡವರ ಅಳತೆಗೆ. ಮಗು ಹಾಗೇ ಕೂತರೆ ಮೇಲಿನ ಪಟ್ಟಿ ಕುತ್ತಿಗೆಗೆ ಬರುತ್ತದೆ, ಕೆಳಗಿನದು ಹೊಟ್ಟೆಯ ಮೇಲೆ ಕೂರುತ್ತದೆ. ಡಿಕ್ಕಿಯಾದಾಗ ಆ ಹೊಡೆತವನ್ನು ಸೊಂಟದ ಮೂಳೆ ತಡೆಯಬಲ್ಲದು, ಹೊಟ್ಟೆ ತಡೆಯಲಾರದು. ಕೆಳಗಿನ ಪಟ್ಟಿ ತೊಡೆ ಸಂದಿಗೆ ಹತ್ತಿರ, ಮೇಲಿನದು ಭುಜದ ನಡುವೆ ಬರುವಂತೆ ಮಗುವನ್ನು ಎತ್ತರಿಸಿ ಕೂರಿಸುವುದೇ ಬೂಸ್ಟರ್ ಕೆಲಸ. ಹಾಗಾಗಿ ಸೊಂಟದ ಪಟ್ಟಿ ಮಾತ್ರ ಇರುವ ಹಳೇ ಕಾರುಗಳ ಹಿಂದಿನ ನಡುಸೀಟಿನಲ್ಲಿ ಬೂಸ್ಟರ್ ಇಡಲೇಬೇಡಿ.

ಡಬ್ಬದ ಮೇಲೆ ಬರೆದಿರುವ ವಯಸ್ಸು ನೋಡಿ ಕೊಳ್ಳಬೇಡಿ. ಅಂಗಡಿಗೆ ಮಗುವನ್ನೂ ಕಾರನ್ನೂ ಕರೆದುಕೊಂಡು ಹೋಗಿ. ಒಳ್ಳೇ ಸೀಟೇ ಆದರೂ ನಿಮ್ಮ ಕಾರಿಗೆ ಒಗ್ಗದೇ ಇರಬಹುದು. ನಾವು ನೋಡಿದ ಒಂದು ಸೀಟು ತುಂಬಾ ಅಗಲ. ಇಟ್ಟ ಕೂಡಲೇ ಕಾರಿನ ಬಕಲ್ ಅದರ ಅಡಿ ಸೇರಿಕೊಂಡಿತು. ಮಗಳು ಕೂತ ಮೇಲೆ ಕೈ ತೂರಿಸಿ ಹುಡುಕಿದರೂ ಕ್ಲಿಕ್ ಸದ್ದು ಬರಲಿಲ್ಲ. ಪಕ್ಕದಲ್ಲಿ ಅಜ್ಜಿಯೂ ಕೂರಬೇಕಲ್ವಾ, ಅವರ ಬಕಲ್ಲೂ ಕೈಗೆ ಸಿಗಬೇಕು. ಇನ್ನೊಂದು ಸೀಟಿನ ಬೆನ್ನು ಕಾರಿನ ಹೆಡ್‌ರೆಸ್ಟ್‌ಗೆ ತಾಗಿ ಮುಂದಕ್ಕೆ ವಾಲುತ್ತಿತ್ತು. ಇಂಥ ಕಡೆ ಹೆಡ್‌ರೆಸ್ಟ್ ಎತ್ತಬಹುದಾ, ತೆಗೆಯಬಹುದಾ ಅಂತ ಸೀಟಿನ ಮ್ಯಾನ್ಯುಯಲ್ ನೋಡಿ.

ನಮ್ಮ ಕಡೆ ಇನ್ನೊಂದು ತೊಂದರೆ ರೆಕ್ಸಿನ್ ಸೀಟ್ ಕವರ್. ಅದರ ಮೇಲೆ ಬೂಸ್ಟರ್ ಜಾರುತ್ತದೆ. ಐಸೋಫಿಕ್ಸ್ ಕೊಂಡಿಗಳೂ (ಮಕ್ಕಳ ಸೀಟನ್ನು ಸಿಕ್ಕಿಸಲು ಕಾರಿನ ಸೀಟಿನಲ್ಲೇ ಇರುವ ಲೋಹದ ಕೊಂಡಿಗಳು) ಎಷ್ಟೋ ಕಾರುಗಳಲ್ಲಿ ಅದರಡಿ ಮುಚ್ಚಿಹೋಗಿರುತ್ತವೆ. ನಾವು ಹಿಂದಿನ ಸೀಟಿನ ಕವರ್ ತೆಗೆಸಿಬಿಟ್ಟೆವು. ಐಸೋಫಿಕ್ಸ್ ಇದ್ದರೆ ಸೀಟು ಅಲ್ಲಾಡುವುದಿಲ್ಲ, ಆದರೂ ಮಗುವಿಗೆ ಬೆಲ್ಟ್ ಹಾಕಲೇಬೇಕು. ಐಸೋಫಿಕ್ಸ್ ಇಲ್ಲದ ಬೂಸ್ಟರ್ ಖಾಲಿ ಇದ್ದಾಗಲೂ ಬೆಲ್ಟ್ ಹಾಕಿಡಿ, ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಹಾರಿ ಬರುತ್ತದೆ.

ಬೆನ್ನಿಲ್ಲದ ಬೂಸ್ಟರ್ ಅಗ್ಗ, ಹಗುರ. ಆದರೆ ಮಕ್ಕಳ ಸೀಟುಗಳಿಗೆ ಯುರೋಪಿನಲ್ಲಿರುವ ಈಗಿನ ಆರ್129 ಸುರಕ್ಷತಾ ನಿಯಮದಲ್ಲಿ ಅದು 125 ಸೆಂಟಿಮೀಟರ್ ದಾಟಿದ ಮಕ್ಕಳಿಗೆ ಮಾತ್ರ. ನಾವು ಬೆನ್ನಿರುವುದನ್ನೇ ಕೊಂಡೆವು. ಅದರ ಪ್ರಯೋಜನ ಏನು ಅಂತ ದಾರಿಯಲ್ಲಿ ಗೊತ್ತಾಯಿತು.

ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿ. 2023ರ ಆಗಸ್ಟ್‌ನಿಂದ ಬೈಕು, ಆಟೋ ಇಲ್ಲ. ಕಾರು ಒಂದೇ ಸಮನೆ ಓಡುತ್ತದೆ, ಮಕ್ಕಳಿಗೆ ಬೇಗ ನಿದ್ದೆ ಹತ್ತುತ್ತದೆ. ಬೆನ್ನಿಲ್ಲದ ಸೀಟಾಗಿದ್ದರೆ ಮಗಳು ಪಕ್ಕಕ್ಕೆ ವಾಲಿ, ಬೆಲ್ಟ್ ಭುಜದಿಂದ ಜಾರುತ್ತಿತ್ತು. ಇಲ್ಲಿ ತಲೆ ಪಕ್ಕದ ಆಸರೆಗೆ ಒರಗಿತು, ಬೆಲ್ಟ್ ಇದ್ದಲ್ಲೇ ಇತ್ತು. ಕುಶಾಲನಗರ ದಾಟಿ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಏರುವ ತಿರುವುಗಳಲ್ಲಂತೂ ಈ ಆಸರೆ ಬೇಕೇ ಬೇಕು.

ಹುಣಸೂರಿನಲ್ಲಿ ತಿಂಡಿಗೆ ನಿಲ್ಲಿಸಿ. ಹೊರಡುವಾಗ ಬೆಲ್ಟ್ ಇನ್ನೊಮ್ಮೆ ನೋಡಿ, ಮಕ್ಕಳು ಅದನ್ನು ಕಂಕುಳಡಿ ಸೇರಿಸಿಕೊಂಡಿರುತ್ತಾರೆ. ಮಡಿಕೇರಿ ಚಳಿ ಅಂತ ದಪ್ಪ ಜಾಕೆಟ್ ಹಾಕಿಸಿ ಕೂರಿಸಬೇಡಿ, ಬೆಲ್ಟ್ ಸಡಿಲವಾಗುತ್ತದೆ. ಮೊದಲು ಬೆಲ್ಟ್, ಅದರ ಮೇಲೆ ಶಾಲು. ತಿರುವಿನಲ್ಲಿ ವಾಂತಿ ಆಗುವ ಮಕ್ಕಳಿದ್ದರೆ ಹೊದಿಕೆ ಬಿಚ್ಚಿ ಒಗೆಯಲು ಬರುವ ಸೀಟನ್ನೇ ಆರಿಸಿ.

14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ 1,000 ರೂಪಾಯಿ ದಂಡ ಇದೆ.

ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟಕ್ಕೆ ಬಾಡಿಗೆ ಜೀಪ್ ವಿಚಾರಿಸಿದೆವು. ಹಿಂದೆ ಅಡ್ಡ ಬೆಂಚು, ಬೆಲ್ಟ್ ಇರಲಿಲ್ಲ. ಬೆಲ್ಟೇ ಇಲ್ಲದ ಮೇಲೆ ಬೂಸ್ಟರ್ ಇದ್ದೂ ಪ್ರಯೋಜನವಿಲ್ಲ. ಮಗಳು ದೊಡ್ಡವಳಾದ ಮೇಲೆ ನೋಡೋಣ ಅಂತ ಬಿಟ್ಟು, ನಮ್ಮ ಕಾರಿನಲ್ಲೇ ಅಬ್ಬಿ ಜಲಪಾತಕ್ಕೂ ರಾಜಾಸೀಟಿಗೂ ಹೋದೆವು.